ಕೋಟೆಗುಡ್ಡದ ಮುದ್ರೆ

ಜರ್ಮನಿಯ ಮೊಸೆಲ್ ನದಿಯ ದೋಣಿಕಟ್ಟೆಯಲ್ಲಿ ಇಲ್ಸೆ ಸೈಕಲ್ ಹಿಡಿದು ನಿಂತಿದ್ದಳು. ಮುಂದಿದ್ದ ಮುದಿ ದಂಪತಿ ಹತ್ತಿದ ಪ್ರತಿ ಗುಡ್ಡದ ತುದಿಯಲ್ಲೂ ಒಂದು ಮುದ್ರೆ ಒತ್ತಿಕೊಳ್ಳುವ ಚಾರಣದ ಪುಸ್ತಕ ಹಿಡಿದು ವಾದಕ್ಕಿಳಿದಿದ್ದರು.

"ಆಚೆ ದಡದ ಕೋಟೆಗುಡ್ಡದ್ದೊಂದೇ ಬಾಕಿ ಕಣೋ ವಿಲ್ಫ್ರೀಡ್. ಹತ್ತೋಣ."

"ಈ ಮಂಡೀಲಾ? ನೀನೇ ಹೋಗಿ ನನ್ನ ಪುಸ್ತಕಕ್ಕೂ ಮುದ್ರೆ ಒತ್ಕೊಂಡು ಬಾ."

"ನಡೀದೇ ಮುದ್ರೆನಾ? ನಾಚಿಕೆ ಆಗಲ್ವಾ?"

"ಹಾಗಾದ್ರೆ ಬಿಡು. ಹೋದ ವರ್ಷ ನಾನು ಕೆಳಗೆ ಬೆಂಚಲ್ಲಿ ಕೂತಿದ್ದಾಗ್ಲೇ ನಿನ್ನ ಮುದ್ರೆ ಮುಗೀತಲ್ಲ."

ಮುದುಕಿ ತನ್ನ ಪುಸ್ತಕದಲ್ಲಿ ಕೋಟೆಗುಡ್ಡದ ಪುಟ ತೆರೆದು ತೋರಿಸಿದಳು.

"ಇದೇನೇ ಗುಂಡುಲಾ, ಖಾಲಿ! ತುದೀಗೆ ಹೋಗಿದ್ದೆ ತಾನೇ?"

"ಹೋಗಿದ್ದೆ. ಒಬ್ಬಳೇ ಒತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಇಲ್ಸೆ ಸೈಕಲ್ಲಿನ ಗಾಳಿ ನೋಡುವ ನೆಪದಲ್ಲಿ ಬಾಗಿದಳು. ದೋಣಿ ಈಚೆ ದಡ ಮುಟ್ಟಿತು. ವಿಲ್ಫ್ರೀಡ್ ಕೋಲು ಊರಿ ದೋಣಿಯತ್ತ ಹೆಜ್ಜೆಯಿಟ್ಟ.

"ನಡಿ. ಬೆಂಚು ಸಿಕ್ಕಲ್ಲೆಲ್ಲ ಕೂರ್ತೀನಿ, ಬೈಬಾರದು."

"ಬೈದೇ ಬೈತೀನಿ. ಮೊದ್ಲು ದೋಣಿ ಹತ್ತು."