ಜನ ಇಲ್ಲದ ಜಾಗ

ಎಂಬತ್ತೊಂದರ ಬೇಸಿಗೆ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡೂರು ಬಸ್ಸಿಗೆ ಕಾದು ಕಾದು ಬೇಸತ್ತಿದ್ದೆ. ಕೆಮ್ಮಣ್ಣುಗುಂಡಿ ಬಸ್ಸಿಳಿದ ಗಂಡ ಹೆಂಡತಿ ಬಂದು ನನ್ನ ಬೆನ್ನ ಹಿಂದಿನ ಬೆಂಚಲ್ಲಿ ಕೂತರು. ನಾನು ತಿರುಗಿ ನೋಡಲಿಲ್ಲ.

“ಜನ ಇರಲ್ಲ ಅಂತ ನೀವೇ ಕರ್ಕೊಂಡು ಹೋದ್ರಿ.”

“ಪ್ರಶಾಂತವಾಗಿದೆ ಅಂತ ಎಲ್ರೂ ಹೇಳೋರು ಕಣೇ.”

“ಅದಕ್ಕೇ ಎಲ್ರೂ ಬಂದಿದ್ರು.”

“ಕಲ್ಲತ್ತಿಗಿರಿ ಫಾಲ್ಸ್ ಹತ್ರ ಬಂಡೆ ಮರೇಲಿ ಕೂತಿದ್ಯಲ್ಲ, ಅಲ್ಲೂ ಆಗ್ಲಿಲ್ವಾ?”

“ಕಾಲೇಜು ಹುಡುಗ್ರು ಬಂದು, ಅಕ್ಕಾ ಸ್ವಲ್ಪ ಸರೀರಿ, ಫೋಟೋ ತೆಗೀಬೇಕು ಅಂದ್ರು. ಎದ್ದು ಬಂದೆ.”

“ಊರಿಗೆ ಹೋದ್ಮೇಲೆ ಬುಕ್ಕಾಂಬುಧಿ ಕೆರೆ ಏರಿ ಕಡೆ ಹೋಗಣ.”

“ಅಲ್ಲಿ ಯಾರಾದ್ರೂ ನೋಡಿ ಅತ್ತೆಗೆ ಹೇಳ್ತಾರೆ. ಮನೇಲಿ ವಾರಗಿತ್ತಿ ಬಾಣಂತಿ. ಎಳೆ ಕೂಸಿರೋವಾಗ ಕಣ್ಣೀರು ಹಾಕ್ಬಾರ್ದು ಅಂದಿದಾರಲ್ಲ.”

“ಆ ಕೂಸಿಗೂ ಏನಾದ್ರೂ ಆದ್ರೆ ಅಂತ ಅವ್ವಂಗೆ ಭಯ.”

“ನನಗೂ ಭಯಾನೇ ಕಣ್ರೀ. ಅದಕ್ಕೇ, ನಮ್ ಮಗೂನ ಮಣ್ಣು ಮಾಡಿದ್ ದಿನದಿಂದ ಅಳು ಹಿಡ್ಕೊಂಡೇ ಇದೀನಿ.”

ಅಜ್ಜಂಪುರದ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು.

“ಹಿಂದ್ಗಡೆ ಸೀಟು ಖಾಲಿ ಇದಾವೆ, ಬಾ ತೀರ್ಥಾ.”

“ಬ್ಯಾಡ. ಎಂಜಿನ್ ಪಕ್ಕ ಸಿಗುತ್ತಾ ನೋಡ್ರಿ. ಆ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ.”

ಅವನು ಹೆಗಲ ಮೇಲಿನ ಟವಲ್ಲು ತೆಗೆದು, ಡ್ರೈವರ್ ಹಿಂದಿನ ಕಿಟಕಿಯಿಂದ ಸೀಟಿನ ಮೇಲೆ ಹಾಕಿದ.