ಭೀಮೇಶನ ಪಡೆಯಲ್ಲಿದ್ದವರು

ದಾಕ್ಷಾಯಣಮ್ಮನವರೇ, ಮಗಳು ಕವನಾ, ಕಾಗದನಗರದಿಂದ ಬಂದಿರುವ ನೆಂಟರೇ, ಕೋಟೆ ಬೀದಿಯ ನಮ್ಮ ಪ್ರೆಸ್ಸಿನ ಬಳಗದವರೇ — ಎಲ್ಲರಿಗೂ ನಮಸ್ಕಾರ.

ಭೀಮೇಶನನ್ನು ನಾನು ‘ಅವನು’ ಎಂದೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ. ಹದಿನಾರು ವರ್ಷ ಎದುರು ಮೇಜಿನಲ್ಲಿ ಕೂತವನಿಗೆ ಇವತ್ತು ಹೊಸದಾಗಿ ಬಹುವಚನ ಹಚ್ಚಲಾರೆ. ಅವನು ನಮ್ಮ ಪ್ರೂಫ್ ನೋಡುತ್ತಿದ್ದ. ತಪ್ಪು ಕಂಡರೆ ತಿದ್ದುತ್ತಿದ್ದ, ನಾನೇ ಮಾಡಿದ್ದರೆ ಗುದ್ದುತ್ತಿದ್ದ.

ಎರಡು ವರ್ಷದ ಹಿಂದೆ ಅವನ ಭಾವಮೈದುನ, ದಾಕ್ಷಾಯಣಮ್ಮನವರ ತಮ್ಮ, ಸಿಂಗಾಪುರದಿಂದ ಒಂದು ವಿಡಿಯೋ ಗೇಮ್ ತಂದುಕೊಟ್ಟರು — ಇಷ್ಟೇ, ಸೋಪಿನ ಡಬ್ಬಿಯಷ್ಟು. ಅಂದಿನಿಂದ ಬಲಗೈಯಲ್ಲಿ ಊಟ, ಎಡಗೈಯಲ್ಲಿ ಆಟ. ನಲವತ್ತರ ಗಂಡಸು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಡ್ರ್ಯಾಗನ್ ಬೇಟೆ! ನಾವೆಲ್ಲ ನಕ್ಕೆವು.

“ಏನಿದೆಯೋ ಅದ್ರಲ್ಲಿ?” ಎಂದೆ. ತೋರಿಸಿದ. ಚದುರಂಗದಂತೆ ಮನೆಗಳು. ಬಿಲ್ಲುಗಾರ, ಕುದುರೆ ಸವಾರ, ಮಂತ್ರ ಹಾಕಿ ಗಾಯ ವಾಸಿ ಮಾಡುವವಳು. ಒಬ್ಬೊಬ್ಬರನ್ನೇ ನಡೆಸಬೇಕು. ನಮ್ಮ ಸರದಿ ಮುಗಿಯುವ ತನಕ ಶತ್ರು ಕದಲುವುದಿಲ್ಲ.

“ನೀನು ಯೋಚ್ನೆ ಮಾಡೋವರ್ಗೂ ಕತ್ತಿ ಹಿಡ್ಕೊಂಡು ಸುಮ್ನೆ ನಿಂತಿರ್ತಾನೆ ಮಾರಾಯ! ಇಂಥ ಮರ್ಯಾದಸ್ಥ ಶತ್ರು ಶಿವಮೊಗ್ಗದಲ್ಲಿ ಎಲ್ಲಿ ಸಿಗ್ತಾನೆ?”

ಸೈನಿಕರಿಗೆ ನಮ್ಮೆಲ್ಲರ ಹೆಸರಿಟ್ಟಿದ್ದ. ಬಿಲ್ಲುಗಾರ — ಅಗೋ, ಹಿಂದೆ ಕೂತಿರುವ ಮೆಷಿನ್ ಜಯಪ್ಪನವರು. ಗಾಯ ವಾಸಿ ಮಾಡುವವಳು ಟೈಪಿಂಗಿನ ಶಾಮಲಾ. ನನಗೆ ಗುರಾಣಿ ಕೊಟ್ಟು ಹಿಂದಿನ ಸಾಲಿಗೆ ಹಾಕಿದ್ದ. “ನೀನು ಮುಂದೆ ಬಂದ್ರೆ ಪದ್ಯ ಶುರು ಮಾಡ್ತೀಯ” ಎಂದ.

ಆ ಆಟದಲ್ಲಿ ಸತ್ತವರು ಸತ್ತರೇ. ಮತ್ತೆ ಬರುವುದಿಲ್ಲ. ಒಂದು ಮಧ್ಯಾಹ್ನ, ಗೆಲ್ಲಲು ಒಂದೇ ಏಟು ಬಾಕಿ ಇರುವಾಗ, ಜಯಪ್ಪನವರು ಬಿದ್ದರು. ಭೀಮೇಶ್ ಪಟಕ್ಕನೆ ಸ್ವಿಚ್ ಆರಿಸಿದ. ಯುದ್ಧ ಮುಗಿಯುವ ಮುಂಚೆ ಆರಿಸಿದರೆ ಆ ಸಾವು ಲೆಕ್ಕಕ್ಕಿಲ್ಲ, ಆದರೆ ಇಡೀ ಯುದ್ಧ ಮೊದಲಿನಿಂದ.

“ಹೋಗ್ಲಿ ಬಿಡೋ, ಗೆದ್ದೇಬಿಟ್ಟಿದ್ಯಲ್ಲ?”

“ಜಯಪ್ಪಣ್ಣನ್ನ ಬಿಟ್ಟು ಗೆದ್ದು ಏನ್ ಮಾಡ್ಲಿ?”

ಜಯಪ್ಪನವರೇ, ನನಗೆ ಗೊತ್ತಿರುವಂತೆ ಹನ್ನೊಂದು ಸಲ ಅವನು ನಿಮಗಾಗಿ ಗೆಲುವು ಬಿಟ್ಟಿದ್ದಾನೆ. ನಿಮಗೊಂದು ಮಾತೂ ಹೇಳಲಿಲ್ಲ.

ನಾವೇನು ಮಾಡಿದೆವು? — ಕೊನೆಯ ಎರಡು ತಿಂಗಳು ಅವನು ಪ್ರೆಸ್ಸಿನ ಮೆಟ್ಟಿಲ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ನೋಡಿದೆವು. ಎಲ್ಲರೂ ನೋಡಿದೆವು.

ನನ್ನನ್ನು ಕೇಳಿದ್ದ. “ಎದೆ ಹಿಡ್ಕೊಳ್ಳುತ್ತೆ ಕಣೋ. ಶನಿವಾರ ಡಾಕ್ಟರ್ ಹತ್ರ ಬರ್ತೀಯಾ? ಒಬ್ನೇ ಹೋಗೋಕೆ ಹೆದ್ರಿಕೆ.”

ಲಗ್ನಪತ್ರಿಕೆಗಳ ರಾಶಿ ಇತ್ತು ಮುಂದೆ. “ಮುಂದಿನ ಶನಿವಾರ ಹೋಗೋಣ” ಎಂದೆ. “ಆಯ್ತು” ಎಂದ.

ಗುರುವಾರ ಹೋಗಿಬಿಟ್ಟ.

ದಾಕ್ಷಾಯಣಮ್ಮ — ಇದು ನಿಮಗೆ ಗೊತ್ತಿರಲಿಲ್ಲ. ಅದಕ್ಕೇ ಹನ್ನೆರಡು ದಿನ ನಿಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಕ್ಷಮಿಸಿ ಎನ್ನುವುದಿಲ್ಲ, ಈ ಹೊತ್ತಿನಲ್ಲಿ ಕ್ಷಮಿಸುವ ಕೆಲಸವನ್ನೂ ನಿಮ್ಮ ತಲೆಗೇ ಹೊರಿಸಲಾರೆ. ಸಮಾಧಾನದ ಮಾತೂ ನನ್ನ ಹತ್ತಿರ ಇಲ್ಲ. ಹುಡುಕಿದೆ — ಇಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕಾರ್ಯಕ್ರಮದ ಚೀಟಿಯಲ್ಲಿ ಎರಡು ನಿಮಿಷದ ಮೌನ ಎಂದು ಬರೆದಿದ್ದಾರೆ. ಗಡಿಯಾರ ನೋಡುವುದು ಬೇಡ. ದಾಕ್ಷಾಯಣಮ್ಮ ‘ಕೂತ್ಕೊಳ್ಳಿ’ ಎನ್ನುವ ತನಕ ನಿಂತಿರೋಣ.