ಹನ್ನೆರಡರಿಂದ ನಾಲ್ಕರ ಪಾಳಿ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಭಜನಾ ಮಂಡಳಿಯ ಯಜ್ಞೇಶ್ವರಣ್ಣ. ಉಡುಪಿ ಕಡೆಯವರು, ಮುಂಬೈ ಹತ್ತಿರದ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ದೇವರ ದೀಪದ ಮುಂದೆ ಕೂತು ಹೇಳಿದ ಮಾತು... ಸುಳ್ಳಲ್ಲ.

ಅವರ ಮಗ ಸುಜನ್ ನೌಕಾಪಡೆ ಸೇರಿದವನು. ಒಡಿಶಾದ ಚಿಲಿಕಾದಲ್ಲಿ ತರಬೇತಿ, ಆಮೇಲೆ ಜಾಮ್‌ನಗರ, ಹೋದ ವರ್ಷ ಮುಂಬೈಯಲ್ಲಿ ಮೊದಲ ಹಡಗು. ರಾತ್ರಿ ಕಾವಲಿಗೆ ನಿಂತವನು, ಬದಲಿಯವನು ಬಂದು ‘ಸಂಭಾಲ್ ಲಿಯಾ’, ಅಂದರೆ ವಹಿಸಿಕೊಂಡೆ, ಎನ್ನುವವರೆಗೆ ಜಾಗ ಬಿಡುವಂತಿಲ್ಲ. ಚಿಲಿಕಾದಲ್ಲಿ ಇದನ್ನು ನಿದ್ದೆಗಣ್ಣಲ್ಲೂ ಬಾಯಿಗೆ ಬರುವಷ್ಟು ಕಲಿಸಿದ್ದರು. ನಮ್ಮ ಕೌಂಟರಿನಲ್ಲೂ ಅದೇ ರೂಲು, ಅದಕ್ಕೆ ಒಡಿಶಾಕ್ಕೆ ಹೋಗಬೇಕಿತ್ತಾ ಎಂದು ಅಪ್ಪ ಕೀಟಲೆ ಮಾಡುತ್ತಿದ್ದರಂತೆ.

ಅಂದು ಅವನಿಗೆ ಒಂದೇ ರಾತ್ರಿಯ ರಜೆ. ಬೆಳಿಗ್ಗೆ ಹಡಗು ಹೊರಡುವುದಿತ್ತು. ಆರಕ್ಕೆ ಒಳಗಿಲ್ಲದಿದ್ದರೆ ಶಿಕ್ಷೆ ಖಂಡಿತ. ನೌಕರಿಯೇ ಹೋದರೂ ಹೋಯಿತು.

ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ನಡೆಯುವಾಗ ರಾತ್ರಿ ಸರಿಯಾಗಿ ಹನ್ನೆರಡು. ಹಿಡಿದ ಒಳದಾರಿಯಲ್ಲಿ ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಪಕ್ಕದಲ್ಲಿ ಯಾರೋ ನೆಟ್ಟಗೆ ನಿಂತಿದ್ದರು. ಹಿಮ್ಮಡಿ ಕೂಡಿಸಿದ ಸದ್ದು... ಟಕ್.

“ಬಾರಾ ಸೆ ಚಾರ್. ಸಬ್ ಠೀಕ್.” ಹನ್ನೆರಡರಿಂದ ನಾಲ್ಕು, ಎಲ್ಲ ಸರಿಯಿದೆ ಎಂದು ಪಾಳಿ ಒಪ್ಪಿಸುವ ಪಿಸುದನಿ.

“ಸಂಭಾಲ್ ಲಿಯಾ,” ಎಂದುಬಿಟ್ಟ ಸುಜನ್. ಅಭ್ಯಾಸಬಲ.

ನೋಡಿದರೆ ಅಲ್ಲಿ ಯಾರೂ ಇಲ್ಲ. ಹೊರಡೋಣವೆಂದರೆ ಕಾಲು ಏಳಲಿಲ್ಲ. ಜೇಬಿನಲ್ಲಿ ಫೋನು ಗುರ್ರ್ ಗುರ್ರ್ ಎಂದಿತು, ಕೈ ಹೋಗಲಿಲ್ಲ. ಜಾಲರಿಯ ಕೆಳಗೆ ನೀರು ಗುಳುಂ... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಳುಂ.

ಮನೆಯಲ್ಲಿ ತಾಯಿ ಹರಿಣಾಕ್ಷಿ ಕೂತಲ್ಲಿ ಕೂರಲಾಗದೆ ಗಂಡನನ್ನು ಮೂರು ಸಲ ಹುಡುಕಲು ಕಳಿಸಿದರು. ಸ್ಟೇಷನ್ನು, ರಿಕ್ಷಾ ಸ್ಟ್ಯಾಂಡು, ಎಲ್ಲ ಕಡೆ ಹುಡುಕಿದ್ದಾಯಿತು. ಮೂರನೆಯ ಸಲ, ಮೂರು ಗಂಟೆ ಸುಮಾರಿಗೆ, ಒಳದಾರಿ ಹಿಡಿದಾಗ ಮಗ ಬಾವಿಯ ಹತ್ತಿರ ಕಂಡ.

ಹಿಡಿದು ಎಳೆದರು. ಅಲುಗಲಿಲ್ಲ.

“ಪಪ್ಪಾ... ಬದಲಿ ಬಂದಿಲ್ಲ.”

ಯಜ್ಞೇಶ್ವರಣ್ಣ ದೇವರನ್ನು ನೆನೆದರು. ಮೊದಲ ಲೋಕಲ್ ಹೊರಡುವ ಹೊತ್ತಾಗುತ್ತಿತ್ತು. ಮಗನ ಎದುರು ನಿಂತು, “ಸಂಭಾಲ್ ಲಿಯಾ. ನೀನು ನಡಿ ಮಗಾ, ಹಿಂದೆ ನೋಡಬೇಡ,” ಎಂದರು.

ಹುಡುಗನ ಕಾಲು ಬಿಟ್ಟಿತು. ಓಡಿದ. ಲೋಕಲ್ ಸಿಕ್ಕಿತು, ಆರಕ್ಕೆ ಹಡಗಿನಲ್ಲಿದ್ದ.

ನಾನು ಸುಮ್ಮನಿರಲಾರದೆ ಕೇಳಿದೆ, ನಿಮಗೆ ಬದಲಿ ಯಾರು ಬಂದರು ಎಂದು.

ಯಜ್ಞೇಶ್ವರಣ್ಣ ದೀಪದ ಬತ್ತಿ ಸರಿಮಾಡಿದರು. ಆಮೇಲೆ ಮೆಲ್ಲಗೆ ಹೇಳಿದರು:

“ನಾಲ್ಕಕ್ಕೆ ಯಾರೋ ಆ ದಾರಿಯಲ್ಲಿ ಹೋಗ್ತಾ ಇದ್ರು. ಕತ್ತಲೆ. ಸಬ್ ಠೀಕ್ ಅಂದೆ. ಅವರು ಹೂಂ ಅಂದ್ರು, ಮಾರಾಯ್ರೇ.”

ನಮ್ಮ ಬೀದಿಗೆ ಹಾಲು ತರುತ್ತಿದ್ದವನು ಸಿದ್ರಾಮ ಅಂತ, ವಿಜಯಪುರದ ಕಡೆಯವನು. ಅಂದು ಬೆಳಿಗ್ಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅವನ ಸೈಕಲ್ಲು ಬಾವಿಕಟ್ಟೆಗೆ ಒರಗಿದೆ. ಬೀಗ ಹಾಕಿಲ್ಲ, ಯಾರೂ ಒಯ್ದಿಲ್ಲ. ನಾನೇ ಕಂಡಿದ್ದೇನೆ, ದೇವರಾಣೆ.

ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಬೆಳಗಿನ ಜಾವ ಆ ದಾರಿಯಲ್ಲಿ ಓಡಾಡುವವರು ಯಾರೇ ಇರಲಿ, ಅವರಿಗೆ ಹೇಳಿ.